ನಲವತ್ತೆರಡು ಡಬ್ಬಿ

ಫ್ರೀಜರ್ ಮನೆಗೆ ಬಂದ ದಿನ ಅದನ್ನು ಎಲ್ಲಿಡುವುದು ಎಂಬುದೇ ಮೊದಲ ಜಗಳವಾಯಿತು. ಬೀದಿಯ ತುದಿಯ ಐಸ್‌ಕ್ರೀಂ ಅಂಗಡಿ ಮುಚ್ಚಿದಾಗ, ಅದರ ಯಜಮಾನನ ಹಳೇ ವ್ಯಾನಿನ ಇಂಜಿನ್ ಬಿಚ್ಚಿ ಕಟ್ಟಿಕೊಟ್ಟ ಕೂಲಿಯ ಬದಲಿಗೆ, ಮೆಕ್ಯಾನಿಕ್ ಅದನ್ನು ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಬಂದಿದ್ದ. ಆಳುದ್ದದ ಪೆಟ್ಟಿಗೆ, ಮೇಲಕ್ಕೆತ್ತುವ ಮುಚ್ಚಳ. ಪಕ್ಕದಲ್ಲಿ ಬಣ್ಣ ಹೋದ ಕರಡಿಯ ಚಿತ್ರ. ನಗುವ ಬಾಯಿ ಉಳಿದಿತ್ತು, ಕಣ್ಣು ಅಳಿಸಿತ್ತು. ಅಡುಗೆಮನೆಯ ಬಾಗಿಲು ಆ ಪೆಟ್ಟಿಗೆಗಿಂತ ನಾಲ್ಕು ಬೆರಳು ಕಿರಿದಾಗಿತ್ತು.

"ಬಾಗಿಲು ಅಳೆದು ತರಬೇಕಿತ್ತಲ್ಲ ರೀ," ಎಂದಳು ಹೆಂಡತಿ.

"ಬಿಟ್ಟಿ ಸಿಕ್ಕಿದ್ದನ್ನ ಯಾರಾದ್ರೂ ಅಳೀತಾರಾ?"

ಕಡೆಗೆ ಅದು ಮುಂದಿನ ಕೋಣೆಯಲ್ಲೇ, ಅಡುಗೆಮನೆಯ ಬಾಗಿಲಿಗೆ ಎದುರಾಗಿ, ಬೆಂಚು ಇದ್ದ ಜಾಗದಲ್ಲಿ ಕೂತಿತು. ಬೆಂಚು ಹಿತ್ತಲಿಗೆ ಹೋಯಿತು. ಮುಚ್ಚಳದ ಮೇಲೆ ಹಳೇ ಕಂಬಳಿ ಮಡಿಸಿ ಹಾಸಿದರು. ಎರಡೇ ದಿನದಲ್ಲಿ ಮನೆಯವರೆಲ್ಲ ಅದರ ಮೇಲೆ ಕೂತು ಚಹಾ ಕುಡಿಯತೊಡಗಿದರು.

"ನಮ್ಮನೆ ಸೋಫಾ ಗೊರಕೆ ಹೊಡೆಯುತ್ತೆ ಅಂತ ಎಲ್ಲರಿಗೂ ಹೇಳಿದೀನಿ," ಎಂದಳು ಮಗಳು. ಅವಳು ಬೆಳಿಗ್ಗೆ ಕಾಲೇಜಿಗೂ ಮಧ್ಯಾಹ್ನದ ಮೇಲೆ ಜೆರಾಕ್ಸ್ ಅಂಗಡಿಯ ಕೆಲಸಕ್ಕೂ ಹೋಗುತ್ತಿದ್ದಳು.

ಮೆಕ್ಯಾನಿಕ್ಕನ ಹೆಂಡತಿಯನ್ನು ಬೀದಿಯವರೆಲ್ಲ ಸೌಟಮ್ಮ ಎನ್ನುತ್ತಿದ್ದರು. ಅವಳು ಅಡುಗೆ ಮಾಡುವ ಶಾಲೆಯ ಮಕ್ಕಳು ಇಟ್ಟ ಹೆಸರು ಅದು. ಮುನ್ನೂರು ಮಕ್ಕಳ ಅನ್ನದ ಕೊಳಗವನ್ನು ಒಲೆಯಿಂದ ಇಳಿಸುವ ಕೆಲಸ ಹನ್ನೊಂದು ವರ್ಷದಿಂದ ಅವಳದೇ. ಹೊಕ್ಕುಳ ಪಕ್ಕದಲ್ಲಿ ಒಂದು ಗಂಟು ಎದ್ದಿತ್ತು. ಮೊದಲು ನಿಂಬೆಹಣ್ಣಿನಷ್ಟು, ಮಲಗಿದರೆ ಒಳಗೆ ಹೋಗುತ್ತಿತ್ತು. ಈಗ ಮಲಗಿದರೂ ಹೋಗುತ್ತಿರಲಿಲ್ಲ. ಬಟ್ಟೆಯ ಒಳಗೆ ಅಗಲದ ಪಟ್ಟಿ ಬಿಗಿದುಕೊಂಡು ಅವಳು ಕೆಲಸಕ್ಕೆ ಹೋಗುತ್ತಿದ್ದಳು.

"ಹರ್ನಿಯಾ. ಆಪರೇಷನ್ ಆಗಲೇಬೇಕು," ಎಂದಿದ್ದರು ಡಾಕ್ಟರು. "ಆಮೇಲೆ ಆರು ವಾರ ಏನೂ ಎತ್ತಬಾರದು. ಒಂದು ಕೊಡ ನೀರೂ ಇಲ್ಲ. ಒಲೆ ಮುಂದೆ ನಿಲ್ಲೋ ಹಾಗೂ ಇಲ್ಲ. ಹೊಲಿಗೆ ಬಿಟ್ಟರೆ ಮತ್ತೆ ಮೊದಲಿಂದ."

ಹೋದ ವರ್ಷ ಒಮ್ಮೆ ದಿನ ಗೊತ್ತಾಗಿತ್ತು. ಮಗಳ ಪರೀಕ್ಷೆ ಬಂತೆಂದು ಮುಂದೂಡಿದ್ದಳು. ಈ ಸಲ ಆಸ್ಪತ್ರೆಯ ಗುಮಾಸ್ತ ಚೀಟಿ ಕೊಡುವಾಗ ಹೇಳಿದ್ದ: "ಇನ್ನೊಂದು ಸಲ ತಪ್ಪಿಸಿದ್ರೆ ನಿಮ್ಮ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತೆ. ಎರಡು ವರ್ಷಾನೂ ಆಗಬಹುದು, ನನ್ನನ್ನ ಬೈಬೇಡಿ." ಕೊಟ್ಟ ದಿನ ಶಾಲೆಯ ದೊಡ್ಡ ರಜೆಯ ಮೊದಲ ಸೋಮವಾರ. ರಜೆ ಸರಿಯಾಗಿ ಆರು ವಾರ. ಶಾಲೆ ತೆರೆದ ದಿನ ಒಲೆಯ ಮುಂದೆ ಇರದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬುದನ್ನು ಶಾಲೆಯವರು ನಗುನಗುತ್ತಲೇ ತಿಳಿಸಿದ್ದರು.

ಸುದ್ದಿ ಕೇಳಿದ ಮೆಕ್ಯಾನಿಕ್ ಮೊದಲು ಕೇಳಿದ್ದು, "ಆರು ವಾರ ಊಟಕ್ಕೇನು ಮಾಡೋದು?" ಎಂದು. ಕೆಟ್ಟವನೇನಲ್ಲ. ಬಸ್ ಡಿಪೋದಲ್ಲಿ ದಿನಕ್ಕೆ ಎರಡು ಪಾಳಿ ಮಾಡುತ್ತಿದ್ದ. ಗ್ರೀಸು ಹತ್ತಿದ ಉಗುರಿನಲ್ಲೇ ಉಂಡು ಮಲಗುತ್ತಿದ್ದ. ಮೂರು ಜನ ಆರು ವಾರ ಹೋಟೆಲಲ್ಲಿ ತಿಂದರೆ ಮನೆಬಾಡಿಗೆಗೆ ಏನೂ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಳಿದವನು ಮೆಕ್ಯಾನಿಕ್ಕನ ಅಪ್ಪ. ಅವನು ಒಲೆಯನ್ನು ಮುಟ್ಟುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಹಾಲು ಕಾಯಲು ಇಟ್ಟು ಹಿತ್ತಲಿಗೆ ಹೋಗಿದ್ದ. ಹಾಲುಕ್ಕಿ ಉರಿ ಆರಿ, ಮನೆಯೆಲ್ಲ ಗ್ಯಾಸು ತುಂಬಿತ್ತು. ಮಗಳು ಆ ಹೊತ್ತಿಗೆ ಬರದೇ ಇದ್ದಿದ್ದರೆ ಏನಾಗುತ್ತಿತ್ತೋ. ಅವತ್ತು ಮಗ ಅಪ್ಪನಿಗೆ ಕೈಮುಗಿದು ಹೇಳಿದ್ದ: "ಅಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನು ಮೇಲೆ ಒಲೆ ಹತ್ರ ಹೋಗಬೇಡ." ತಾತ ಅಂದಿನಿಂದ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ನೀರು ಕೇಳುತ್ತಿದ್ದ.

ಹಾಗಾಗಿ ಸೌಟಮ್ಮ ಲೆಕ್ಕ ಹಾಕಿದಳು. ಆರು ವಾರ ಅಂದರೆ ನಲವತ್ತೆರಡು ದಿನ. ದಿನಕ್ಕೊಂದು ಡಬ್ಬಿ. ಅನ್ನವನ್ನು ಮಗಳು ಬೆಳಿಗ್ಗೆ ಕುಕ್ಕರಿನಲ್ಲಿ ಇಟ್ಟರೆ ಸಾಕು. ಮಿಕ್ಕದ್ದೆಲ್ಲ ಫ್ರೀಜರಿನಲ್ಲಿ ಇರುತ್ತದೆ.

ಶನಿವಾರ ಸಂಜೆ ತರಕಾರಿಯವರು ಗೋಣಿ ಮಡಚುವ ಹೊತ್ತಿಗೆ ಹೋಗುತ್ತಿದ್ದಳು. ಒಂದು ಕಡೆ ಮೆತ್ತಗಾದ ಟೊಮೇಟೊ, ಮೊಳಕೆ ಬಿಟ್ಟ ಈರುಳ್ಳಿ, ಮುರಿದ ಕ್ಯಾರೆಟ್ಟು ಆಗ ಅರ್ಧ ಬೆಲೆಗೆ ಸಿಗುತ್ತಿದ್ದವು. ಭಾನುವಾರ ಬೆಳಕು ಹರಿಯುವ ಮೊದಲೇ ಕಾಳು ಬೇಯುತ್ತಿತ್ತು. ಈರುಳ್ಳಿ ಐದು ಕಿಲೋ ಒಟ್ಟಿಗೇ ಹುರಿದು, ಅರ್ಧ ಬೇಳೆಗೆ, ಅರ್ಧ ಕಾಳಿಗೆ. ತಿಂಗಳಿಗೆ ಒಂದು ಸಲ ಕೈಮ. ಆಲೂಗಡ್ಡೆ ಹಾಕುವ ಹಾಗಿಲ್ಲ, ಕರಗಿದ ಮೇಲೆ ಮರಳುಮರಳಾಗುತ್ತದೆ. ಮಾಡಿದ್ದನ್ನು ಪಾತ್ರೆ ಸಮೇತ ತಣ್ಣೀರಿನ ಬೋಗುಣಿಯಲ್ಲಿ ಇಳಿಸಿ ಆರಿಸಿ, ಡಬ್ಬಿಗೆ ತುಂಬಿ, ಮೇಲೆ ಒಂದು ಬೆರಳು ಜಾಗ ಬಿಡುತ್ತಿದ್ದಳು.

"ಪೂರ್ತಿ ತುಂಬು ತಾಯಿ, ಯಾಕೆ ಜಾಗ ಹಾಳು ಮಾಡ್ತೀಯ," ಎಂದ ತಾತ ಹೊಸ್ತಿಲಿನಿಂದ.

"ಗಡ್ಡೆ ಕಟ್ಟುವಾಗ ಉಬ್ಬುತ್ತೆ ಮಾವ. ಮುಚ್ಚಳ ಹಾರಿಹೋಗುತ್ತೆ."

"ಓ. ಭತ್ತ ಅಲ್ಲ ಇದು."

ಡಬ್ಬಿಗಳು ಶಾಲೆಯಲ್ಲಿ ಖಾಲಿಯಾಗಿ ಬಿದ್ದಿದ್ದ ಪ್ಲಾಸ್ಟಿಕ್ಕಿನವು, ಹೊರಗಿಂದಲೇ ಒಳಗಿನದು ಕಾಣುವಂಥವು. ಜೆರಾಕ್ಸ್ ಅಂಗಡಿಯಲ್ಲಿ ಹಾಳಾದ ಅಂಟುಚೀಟಿಗಳನ್ನು ಮಗಳು ತಂದು, ದಪ್ಪ ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಬರೆದು ಅಂಟಿಸಿದಳು.

ಎರಡನೆಯ ವಾರವೇ ಮೂರನೆಯ ನಂಬರು ಕಾಣೆಯಾಯಿತು.

"ಪರೀಕ್ಷೆಗೆ ತಿಂದು ನೋಡಿದೆ," ಎಂದ ಮೆಕ್ಯಾನಿಕ್. "ಚೆನ್ನಾಗಿದೆ."

"ಅದು ಆಪರೇಷನ್ ಆದ ಮೇಲೆ ತಿನ್ನೋಕೆ."

"ಆಗ ತಿನ್ನೋನೂ ನಾನೇ ಅಲ್ವಾ? ಸ್ವಲ್ಪ ಮುಂಚೆ ತಿಂದೆ."

ನಾಲ್ಕನೆಯ ವಾರ ಕೈಮದ ಡಬ್ಬಿ ಎರಡು ಹೋದವು. ಮಗಳು ಗೆಳತಿಯನ್ನು ಕರೆತಂದಿದ್ದಳಂತೆ, ಮನೆಯಲ್ಲಿ ಏನೂ ಇರಲಿಲ್ಲವಂತೆ. ಸೌಟಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು.

"ನಾನು ಮಲಗಿರೋವಾಗ ನಿಮ್ಮ ಕೈಗೆ ಸಿಗಲಿ ಅಂತ ನಿಂತು ಸಾಯ್ತಾ ಇದೀನಿ. ನಾನು ನಿಂತಿರೋವಾಗಲೇ ತಿಂದು ಮುಗಿಸ್ತೀರಲ್ಲ."

"ಎರಡು ಡಬ್ಬಿಗೆ ಇಷ್ಟು ಮಾತಾ ಅಮ್ಮ?"

"ಎರಡು ಡಬ್ಬಿ ಅಲ್ಲ. ಎರಡು ದಿನ. ಆ ಎರಡು ದಿನ ನಾನು ಏಳಬೇಕು."

ಸೌಟಮ್ಮ ತಾತನ ಕಡೆ ತಿರುಗಿದಳು. ಫ್ರೀಜರಿನ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಅವನ ಕೈಗೆ ಕೊಟ್ಟಳು.

"ಮಾವ, ಇವತ್ತಿಂದ ಇದು ನಿಮ್ಮ ಜವಾಬ್ದಾರಿ. ನನ್ನ ಬಿಟ್ಟು ಯಾರಿಗೂ ತೆಗೀಬೇಡಿ. ನಿಮ್ಮ ಮಗನಿಗೂ ಅಷ್ಟೇ."

ತಾತ ಆ ದಾರವನ್ನು ಕೊರಳಿಗೆ ಹಾಕಿಕೊಂಡ. ಹಳ್ಳಿಯಲ್ಲಿದ್ದಾಗ ಅವನು ಮೂವತ್ತೊಂದು ವರ್ಷ ರೈತರ ಸಂಘದ ಉಗ್ರಾಣ ಕಾಯ್ದವನು. ಆಗಲೂ ಬೀಗದ ಕೈ ಕೊರಳಲ್ಲೇ ಇತ್ತು. ನಿವೃತ್ತನಾದ ದಿನ ಅದನ್ನು ಬಿಚ್ಚಿಕೊಟ್ಟು ಬಂದಮೇಲೆ ಒಂದು ತಿಂಗಳು ಎದೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಎಂದು ಮಗನೇ ಹೇಳುತ್ತಿದ್ದ. ಮರುದಿನ ಬೆಳಿಗ್ಗೆ ತಾತ ಗಡ್ಡ ಬೋಳಿಸಿಕೊಂಡು ಫ್ರೀಜರಿನ ಮೇಲೆ ಬಂದು ಕೂತ.

"ತಾತ, ಒಂದು ಐಸ್ ತುಂಡು ತಗೋಬಹುದಾ?"

"ಚೀಟಿ ತಗೊಂಡು ಬಾ ನಿಮ್ಮಮ್ಮನ ಹತ್ರ."

ಮೂರು ವಾರ ಒಂದು ಡಬ್ಬಿಯೂ ಕದಲಲಿಲ್ಲ. ಆಪರೇಷನ್ನಿಗೆ ಹದಿನೈದು ದಿನ ಉಳಿದಿರುವಾಗ, ಒಂದು ಭಾನುವಾರ ಸಂಜೆ, ಸೌಟಮ್ಮ ನಲವತ್ತೆರಡನೆಯದನ್ನು ಒಳಗಿಟ್ಟು ಮುಚ್ಚಳ ಹಾಕಿದಳು. ಕಂಬಳಿಯ ಮೇಲೆ ಕೂತು ಕಾಲು ಚಾಚಿದಳು. ಮಗಳು ಚಹಾ ತಂದುಕೊಟ್ಟಳು. ಆ ಮನೆಯಲ್ಲಿ ಅವಳ ಕೈಗೆ ಬೇರೆಯವರು ಚಹಾ ಕೊಟ್ಟದ್ದು ಅಪರೂಪವಾದ್ದರಿಂದ ಸಕ್ಕರೆ ಇಲ್ಲವೆಂದು ಹೇಳಲಿಲ್ಲ.

"ತುಂಬಿತಾ ತಾಯಿ?" ಎಂದ ತಾತ.

"ತುಂಬಿತು ಮಾವ."

ಮಂಗಳವಾರ ಸಂಜೆ ಶಾಲೆಯಿಂದ ಬಂದವಳು ಉಳಿದ ಸೊಪ್ಪಿನ ಪೊಟ್ಟಣವೊಂದನ್ನು ಇಡಲು ಬೀಗದ ಕೈ ಕೇಳಿದಳು. ತಾತ ತಾನೇ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಂತ. ಮುಖದಲ್ಲಿ ಏನನ್ನೋ ತೋರಿಸುವವನ ಸಂಭ್ರಮ.

ಒಳಗೆ ಎಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಗೋಡೆಗೆ ಗೇಣುದ್ದ ಕಟ್ಟಿದ್ದ ಮಂಜು ಮಾಯವಾಗಿತ್ತು. ಡಬ್ಬಿಗಳು ಒಂದರಿಂದ ನಲವತ್ತೆರಡರವರೆಗೆ ಅಂಕಿಯ ಸಾಲಿನಲ್ಲಿ, ಮೂಟೆ ಜೋಡಿಸಿದ ಹಾಗೆ ಒಂದರ ಅಂಚಿಗೆ ಇನ್ನೊಂದು ಕೂತಿದ್ದವು. ಸೌಟಮ್ಮನಿಗೆ ಮೊದಲು ಖುಷಿಯೇ ಆಯಿತು. ಆಮೇಲೆ ಹದಿನಾಲ್ಕನೆಯದನ್ನು ಕೈಗೆ ತೆಗೆದುಕೊಂಡಳು.

ಒಳಗಿನ ಬೇಳೆ ಓರೆಯಾಗಿ ಗಟ್ಟಿಯಾಗಿತ್ತು. ಒಂದು ಕಡೆ ಮುಚ್ಚಳ ಮುಟ್ಟಿತ್ತು, ಇನ್ನೊಂದು ಕಡೆ ಎರಡು ಬೆರಳು ಕೆಳಗಿತ್ತು. ಅವಳು ಇಟ್ಟಾಗ ಅದು ಸಮನಾಗಿ ಹೆಪ್ಪುಗಟ್ಟಿತ್ತು. ಇನ್ನೊಂದು ತೆಗೆದಳು. ಅದೂ ಓರೆ. ಮತ್ತೊಂದರ ಚೀಟಿಯ ಮಸಿ ನೀರಿಗೆ ಇಳಿದಿತ್ತು.

"ಮಾವ, ಇದನ್ನ ಹೊರಗೆ ತೆಗೆದಿದ್ರಾ?"

"ನಿನ್ನೆ. ಉಗ್ರಾಣ ತುಂಬಿದ ಮಾರನೇ ದಿನ ಎಲ್ಲ ಹೊರಗೆ ಹಾಕಿ, ಗುಡಿಸಿ, ಎಣಿಸಿ, ಹಳೇದು ಮೇಲೆ ಹೊಸದು ಕೆಳಗೆ ಮಾಡಿ ಒಪ್ಪಿಸಿಕೊಳ್ಳಬೇಕು. ಮೂವತ್ತೊಂದು ವರ್ಷ ಒಂದು ಸಲಾನೂ ತಪ್ಪಿಸಿಲ್ಲ. ಒಳಗೆ ಅದೇನು ಮಂಜು ತಾಯಿ, ಕೆರೆದು ಕೆರೆದು ಸಾಕಾಯ್ತು."

"ಎಷ್ಟು ಹೊತ್ತು ಹೊರಗಿತ್ತು?"

"ನೀನು ಹೋದ ಮೇಲೆ ತೆಗೆದೆ. ಊಟದ ಹೊತ್ತು ದಾಟಿದ ಮೇಲೆ ಒಳಗಿಟ್ಟೆ. ಬಿಸಿಲಿಗೆ ಇಟ್ಟೆ ಅಂದ್ಕೊಂಡೆಯಾ? ಅಷ್ಟು ದಡ್ಡ ಅಲ್ಲ. ಕಿಟಕಿ ಕೆಳಗೆ, ನೆರಳಲ್ಲಿ, ಚಾಪೆ ಹಾಸಿ ಇಟ್ಟಿದ್ದೆ. ಗಾಳಿ ಚೆನ್ನಾಗಿ ಆಡಿತು."

ಸೌಟಮ್ಮ ಡಬ್ಬಿಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಳು. "ಚೆನ್ನಾಗಿ ಜೋಡಿಸಿದೀರ ಮಾವ," ಎಂದು ಒಳಗೆ ಹೋದಳು.

ತಾತ ಹಿತ್ತಲಿನ ಬೆಂಚಿಗೆ ಹೋದ ಮೇಲೆ ಗಂಡನಿಗೂ ಮಗಳಿಗೂ ವಿಷಯ ತಿಳಿಸಿದಳು. ಎಷ್ಟು ತಗ್ಗಿದ ದನಿಯಲ್ಲಿ ಶುರುವಾದರೂ ಮಾತು ಏರಿತು.

"ಚೆನ್ನಾಗಿ ಕುದಿಸಿ ತಿಂದ್ರಾಯ್ತು," ಎಂದ ಮೆಕ್ಯಾನಿಕ್. "ಡಿಪೋ ಕ್ಯಾಂಟೀನಲ್ಲಿ ನಾವು ತಿನ್ನೋದನ್ನ ನೋಡಿದ್ರೆ ನೀನು ತಲೆ ತಿರುಗಿ ಬೀಳ್ತೀಯ."

"ಅರ್ಧ ದಿನ ಈ ಸೆಕೆಯಲ್ಲಿ ಇತ್ತು. ಕೈಮ, ಬೇಳೆ ಎಲ್ಲ. ಎಷ್ಟು ಕುದಿಸಿದ್ರೂ ಹೋಗದೇ ಇರೋ ವಿಷ ಇರುತ್ತೆ. ಕರಗಿದ್ದನ್ನ ಮತ್ತೆ ಗಡ್ಡೆ ಕಟ್ಟಿಸಬಾರದು ಅಂತ ನಮ್ಮ ಶಾಲೆ ಗೋಡೆ ಮೇಲೆ ಬರೆದು ಹಾಕಿದಾರೆ. ಅದರ ಕೆಳಗೇ ನಿಂತು ನಾನು ಬಡಿಸೋದು."

"ಅಮ್ಮ ಆಸ್ಪತ್ರೆಯಲ್ಲಿ, ನಾವು ಮೂರೂ ಜನ ಪಕ್ಕದ ಮಂಚಗಳಲ್ಲಿ," ಎಂದಳು ಮಗಳು. "ಊಟದ ಚಿಂತೆನೇ ಇರಲ್ಲ."

"ನೀನು ಬಾಯಿ ಮುಚ್ಚು. ಏಳು ವಾರದ ದುಡ್ಡು ಅದರೊಳಗಿದೆ. ಎಸೆಯೋದು ಅಂದ್ರೆ ಏನು ಗೊತ್ತಾ?"

"ಎಸೆದ ಮೇಲೆ ಮತ್ತೆ ಮಾಡೋದು ಅಂದ್ರೆ ಏನು ಅಂತ ನನಗೆ ಗೊತ್ತು ರೀ."

ಮೆಕ್ಯಾನಿಕ್ ಸ್ವಲ್ಪ ಹೊತ್ತು ಉಗುರಿನ ಗ್ರೀಸು ಕೆರೆದ. ಆಮೇಲೆ ಮೆತ್ತಗೆ ಅಂದ: "ಮುಂದೂಡಿದ್ರೆ ಏನಾಗುತ್ತೆ? ಇಷ್ಟು ದಿನ ತಡ್ಕೊಂಡಿದೀಯ."

ಆ ಪ್ರಶ್ನೆ ಬರುತ್ತದೆಂದು ಸೌಟಮ್ಮನಿಗೆ ಗೊತ್ತಿತ್ತು. ಇಷ್ಟು ಬೇಗ ಬರುತ್ತದೆಂದು ಗೊತ್ತಿರಲಿಲ್ಲ. ಭಾನುವಾರ ಎಲ್ಲವನ್ನೂ ಕರಗಿಸಿ ಚೆಲ್ಲಿ ಡಬ್ಬಿ ತೊಳೆದಿಡುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದಷ್ಟೇ ಹೇಳಿ ಅನ್ನಕ್ಕೆ ನೀರಿಟ್ಟಳು. ಹಿತ್ತಲಿನ ಬೆಂಚು ಕಿರ್ ಎಂದದ್ದು ಕೇಳಿಸಿತು. ಕಿಟಕಿ ತೆರೆದೇ ಇತ್ತು.

ಆ ವಾರವೆಲ್ಲ ತಾತ ಸಂಜೆ ಊಟಕ್ಕೆ ಬರಲಿಲ್ಲ. ಕರೆದರೆ "ಹಸಿವಿಲ್ಲ ತಾಯಿ" ಎನ್ನುತ್ತಿದ್ದ. ಎರಡು ತುತ್ತು ತಿಂದು ಏಳುತ್ತಿದ್ದ. ನೊಂದುಕೊಂಡಿದ್ದಾರೆ, ತಾನಾಗೇ ಸರಿಹೋಗುತ್ತದೆ ಎಂದುಕೊಂಡಳು ಸೌಟಮ್ಮ. ಅವಳಿಗೂ ಬಿಡುವಿರಲಿಲ್ಲ. ರಜೆ ಹತ್ತಿರ ಬಂದಿತ್ತು. ಶಾಲೆಯ ಕೊಳಗಗಳನ್ನೆಲ್ಲ ಉಜ್ಜಿ ಕವುಚಿ ಹಾಕಬೇಕಿತ್ತು. ಗಂಟು ಈಗ ಎದ್ದರೂ ಕೂತರೂ ಜಗ್ಗುತ್ತಿತ್ತು.

ಭಾನುವಾರ ಬೆಳಿಗ್ಗೆ ಫ್ರೀಜರ್ ಖಾಲಿ ಮಾಡಲು ಹೊರಟು ಎಣಿಸಿದರೆ ಮೂವತ್ತೆಂಟೇ ಇದ್ದವು.

"ನಾಲ್ಕು ಎಲ್ಲಿ?"

"ನನ್ನನ್ನ ಯಾಕೆ ನೋಡ್ತೀಯ?" ಎಂದ ಮೆಕ್ಯಾನಿಕ್. "ವಿಷ ಅಂತ ನೀನೇ ಹೇಳಿದ ಮೇಲೆ ಮುಟ್ತೀನಾ?"

"ನಾನೂ ಅಲ್ಲ," ಎಂದಳು ಮಗಳು. "ನನಗೆ ಹೆದರಿಕೆ."

"ಹಾಗಾದ್ರೆ ಫ್ರೀಜರೇ ತಿಂತಾ?"

ತಾತ ತನ್ನ ಮಂಚದ ಕೆಳಗೆ ಬಗ್ಗಿದ. ತೊಳೆದು ಒರೆಸಿದ ನಾಲ್ಕು ಡಬ್ಬಿಗಳನ್ನು ಒಂದರೊಳಗೊಂದು ಸೇರಿಸಿ ಇಟ್ಟಿದ್ದನ್ನು ತಂದು ಸೊಸೆಯ ಮುಂದಿಟ್ಟ.

"ಮೇಲಿಂದ ಒಂದು, ನಡುವಿಂದ ಎರಡು, ತಳದಿಂದ ಒಂದು," ಎಂದ. "ಮೂಟೆ ಪರೀಕ್ಷೆ ಮಾಡೋದು ಹಾಗೇ. ಉಗ್ರಾಣಕ್ಕೆ ನೀರು ನುಗ್ಗಿದ್ರೆ ಮೊದಲು ಕಾಯೋನು ತಿಂದು ನೋಡಬೇಕು. ಆಮೇಲೆ ಊರಿಗೆ ಕೊಡಬೇಕು. ದಿನಕ್ಕೊಂದರ ಹಾಗೆ ತಿಂದೆ. ಹೊಟ್ಟೆ ಗಟ್ಟಿಯಾಗಿದೆ, ಭೇದಿ ಇಲ್ಲ, ಜ್ವರ ಇಲ್ಲ. ನೀನು ಆಸ್ಪತ್ರೆಗೆ ಹೋಗು ತಾಯಿ. ಇದನ್ನ ಇವರು ತಿನ್ನಬಹುದು."

ಸೌಟಮ್ಮ ನಾಲ್ಕೂ ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಒಂದು ಡಬ್ಬಿಯಲ್ಲಿ ಮೂರು ಜನರ ಊಟ ಇದೆ ಮಾವ."

"ಅದೇ ಸ್ವಲ್ಪ ಕಷ್ಟ ಆಯ್ತು."

"ಬಿಸಿ ಹೇಗೆ ಮಾಡಿಕೊಂಡ್ರಿ?"

ತಾತ ಮಗನ ಕಡೆ ಒಮ್ಮೆ ನೋಡಿದ. "ಬಿಸಿ ಎಲ್ಲಿ ಮಾಡಲಿ. ಒಲೆ ಮುಟ್ಟಬೇಡ ಅಂದಿದಾನಲ್ಲ. ಕಿಟಕಿ ಹತ್ರ ಇಟ್ಟು, ಕರಗಿದ ಮೇಲೆ ತಿಂದೆ."

ಸೌಟಮ್ಮ ಫ್ರೀಜರಿನ ಅಂಚು ಹಿಡಿದುಕೊಂಡು ನೆಲದ ಮೇಲೆ ಕೂತಳು. ಮೆಕ್ಯಾನಿಕ್ ಎದ್ದು ಹೊರಗೆ ಹೋಗಿ ಸ್ಕೂಟರಿನ ಸರಿಯಾಗಿಯೇ ಇದ್ದ ಕನ್ನಡಿಯನ್ನು ಬಿಚ್ಚತೊಡಗಿದ.

"ನಾಲ್ಕು ಚೆನ್ನಾಗಿದ್ದು ಐದನೇದು ಕೆಟ್ಟಿರಬಹುದು ಮಾವ," ಎಂದಳು ಅವಳು ಕಡೆಗೆ. "ಇದು ಭತ್ತ ಅಲ್ಲ."

"ಹಾಗಾದ್ರೆ ಉಳಿದದ್ದನ್ನೂ ತಿಂದು ನೋಡ್ತೀನಿ."

"ಎಲ್ಲ ನೀವೇ ತಿಂದ್ಮೇಲೆ ಇವರಿಗೆ ಏನು ಉಳಿಯುತ್ತೆ?"

ತಾತ ಅದನ್ನು ಯೋಚಿಸಿರಲಿಲ್ಲ. ಕೊರಳ ದಾರವನ್ನು ಬಿಚ್ಚಿ ಬೀಗದ ಕೈಯನ್ನು ಡಬ್ಬಿಗಳ ಪಕ್ಕದಲ್ಲಿಟ್ಟ. ಆಮೇಲೆ ಹಾರೆ ಹುಡುಕಿಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡಿದ. ಮೂವತ್ತೆಂಟು ಡಬ್ಬಿಗಳು ಕರಗುವುದಕ್ಕೆ ಮಧ್ಯಾಹ್ನವಾಯಿತು. ಒಂದೊಂದನ್ನೂ ಸೌಟಮ್ಮ ಬಗ್ಗಿಸುತ್ತಿದ್ದಳು, ತಾತ ಮಣ್ಣೆಳೆಯುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಒಂದು ಹಿಡಿ ಧಾನ್ಯವನ್ನೂ ನೆಲಕ್ಕೆ ಹಾಕದವನು, ಕೈಮದ ಡಬ್ಬಿ ಬಂದಾಗ ಮುಖ ಆಚೆ ತಿರುಗಿಸಿದ.

ಇನ್ನು ಎಂಟು ದಿನ.

ಸೋಮವಾರ ಬೆಳಿಗ್ಗೆ ಗಂಡನೂ ಮಗಳೂ ಹೊರಟ ಮೇಲೆ ಸೌಟಮ್ಮ ಅಡುಗೆಮನೆಯಿಂದ ಕರೆದಳು. "ಮಾವ, ಒಳಗೆ ಬನ್ನಿ."

"ಇಲ್ಲೇ ಇದೀನಲ್ಲ."

"ಹೊಸ್ತಿಲು ದಾಟಿ ಬನ್ನಿ. ಲೈಟರ್ ಹಿಡ್ಕೊಳ್ಳಿ. ಮೊದಲು ಇದನ್ನ ಒತ್ತಬೇಕು, ಆಮೇಲೆ ಗುಂಡಿ ತಿರುಗಿಸಬೇಕು."

ತಾತ ಒತ್ತಿದ. ಮೂರು ಸಲ ಕಿಡಿ ಹಾರಿ ನಾಲ್ಕನೆಯದಕ್ಕೆ ಉರಿ ಹತ್ತಿತು. ಶಾಲೆಗೆ ಹೊರಡುವುದರೊಳಗೆ ಆರಿಸುವುದು, ಮತ್ತೆ ಹಚ್ಚುವುದು, ಸಿಲಿಂಡರಿನ ಮೇಲಿನದನ್ನು ಮುಚ್ಚುವುದು ಹತ್ತು ಸಲ ಮಾಡಿಸಿದಳು. ಮಂಗಳವಾರ ಈರುಳ್ಳಿ ಹೆಚ್ಚುವುದು. ಬುಧವಾರ ಕಾಳು ಬೇಯಿಸುವುದು. ತಾತ ಈರುಳ್ಳಿಯನ್ನು ಬೆರಳಳತೆಯಲ್ಲಿ ಹೆಚ್ಚಿದ. ಒಂದು ದೊಡ್ಡದಾದರೆ ಪಕ್ಕಕ್ಕಿಟ್ಟು ಮತ್ತೆ ಕತ್ತರಿಸುತ್ತಿದ್ದ.

"ಹೀಗೆ ಹೆಚ್ಚಿದ್ರೆ ಊಟ ಮುಂದಿನ ವರ್ಷಕ್ಕೆ, ಮಾವ."

"ನಿನ್ನ ಹೊಲಿಗೆ ಮಾಯೋಕ್ಕೂ ಹೊತ್ತು ಬೇಕಲ್ಲ."

ಆ ಬುಧವಾರ ಮೆಕ್ಯಾನಿಕ್ ಪಾಳಿಯ ನಡುವೆ ಮನೆಗೆ ಬಂದ. ಅಪ್ಪ ಒಲೆಯ ಮುಂದೆ ಸೌಟು ಹಿಡಿದು ನಿಂತದ್ದು ಕಂಡಿತು.

"ಆರಿಸಪ್ಪ. ಮೊದಲು ಆರಿಸು."

ತಾತ ತಕ್ಷಣ ಗುಂಡಿ ತಿರುಗಿಸಿ, ಸಿಲಿಂಡರನ್ನೂ ಮುಚ್ಚಿ, ಸೌಟನ್ನು ಕೆಳಗಿಟ್ಟು ಹೊಸ್ತಿಲಾಚೆ ಹೋಗಿ ನಿಂತ.

"ನಿನಗೇನು ಬುದ್ಧಿ ಇದೆಯಾ? ನೀನು ಮಂಚದ ಮೇಲಿರ್ತೀಯ. ಇವನು ಹಾಲಿಟ್ಟು ಮರೆತ ಹಾಗೆ ಮರೆತರೆ? ನಾನು ಬರೋ ಹೊತ್ತಿಗೆ ಮನೆ ಇರುತ್ತಾ?"

"ಸರಿ. ಹಾಗಾದ್ರೆ ನೀವು ಮಾಡಿ."

"ಎರಡು ಪಾಳಿ ಯಾರು ಮಾಡ್ತಾರೆ? ನಿನಗೂ ಆರು ವಾರ ಸಂಬಳ ಇಲ್ಲ."

"ಮಗಳು ಮಾಡಲಿ."

"ಅವಳು ಜೆರಾಕ್ಸ್ ಅಂಗಡಿ ಬಿಟ್ರೆ ಅವಳ ಫೀಸು ಯಾರು ಕಟ್ತಾರೆ?"

"ಎಲ್ಲ ನಿಜ ರೀ. ನೀವು ಹೇಳೋದು ಒಂದೂ ಸುಳ್ಳಲ್ಲ," ಎಂದಳು ಸೌಟಮ್ಮ. "ಎಲ್ಲರೂ ನಿಜ ಹೇಳ್ತೀರ, ಕಡೆಗೆ ಒಲೆ ಮುಂದೆ ನಾನೇ ಇರ್ತೀನಿ. ಸೋಮವಾರ ನಾನು ಹೋಗೋದು ಹೋಗೋದೇ. ನೀವು ಬೇಕಾದ್ರೆ ಹಸೀ ಈರುಳ್ಳಿ ತಿನ್ನಿ."

ಮೆಕ್ಯಾನಿಕ್ ಬಾಗಿಲಿಗೆ ಒರಗಿ ನಿಂತ. ಅಪ್ಪನನ್ನು ನೋಡಿದ. ಒಲೆಯನ್ನು ನೋಡಿದ. ಕೋಣೆಯ ಆಚೆ ಬದಿಯ ಫ್ರೀಜರನ್ನು ನೋಡಿದ.

"ಒಂದು ಮಾತು. ನೀನು ಅಲ್ಲಿ ಕೂತು ನೋಡ್ತಾ ಇದ್ರೆ ಮಾತ್ರ ಇವನು ಒಲೆ ಹಚ್ಚಬೇಕು. ನಿನ್ನ ಕಣ್ಣು ಒಲೆ ಮೇಲೆ ಇರಬೇಕು. ಒಳಗಿನ ಕೋಣೆಯಲ್ಲಿ ಮಲಗಿ ಇಲ್ಲಿ ಒಲೆ ಉರಿಯೋದು ಬೇಡ."

"ಆಪರೇಷನ್ ಆದೋಳು ಕೂತು ಕಾವಲು ಕಾಯಬೇಕಾ?"

"ಕೂತ್ಕೋಬೇಡ ಅಂತ ಡಾಕ್ಟರು ಹೇಳಿಲ್ವಲ್ಲ. ನಿಲ್ಲಬೇಡ ಅಂದಿದಾರೆ, ಎತ್ತಬೇಡ ಅಂದಿದಾರೆ."

ಸೌಟಮ್ಮ ಗಂಡನ ಮುಖ ನೋಡಿದಳು. ಅವನು ಹೆದರಿದ್ದ; ಗೇಲಿ ಮಾಡುತ್ತಿರಲಿಲ್ಲ. "ಆಗಲಿ," ಎಂದಳು.

ಕೊನೆಯ ಭಾನುವಾರ ಉಳಿದಿದ್ದ ದುಡ್ಡಿನಲ್ಲಿ ಆದದ್ದು ಹನ್ನೊಂದು ಡಬ್ಬಿ. ಎಲ್ಲ ಬೇಳೆ. ಸೋಮವಾರ ಬೆಳಿಗ್ಗೆ ಮೆಕ್ಯಾನಿಕ್ ಅವಳನ್ನು ಆಸ್ಪತ್ರೆಗೆ ಬಿಟ್ಟು ಡಿಪೋಗೆ ಹೋದ. ಗುಮಾಸ್ತ ಅರ್ಜಿ ತುಂಬುತ್ತ ಕೇಳಿದ:

"ಮನೇಲಿ ನಿಮ್ಮನ್ನ ನೋಡಿಕೊಳ್ಳೋರು ಯಾರು?"

"ನಮ್ಮ ಮಾವ."

"ಅವರ ವಯಸ್ಸು?"

"ಎಪ್ಪತ್ತಾರು."

ಗುಮಾಸ್ತ ಪೆನ್ನು ನಿಲ್ಲಿಸಿ ಅವಳನ್ನು ನೋಡಿದ, ಆಮೇಲೆ ಬರೆದುಕೊಂಡ.

ನಾಲ್ಕನೆಯ ದಿನ ಮನೆಗೆ ಕರೆತಂದರು. ಹೊಲಿಗೆ ಸರಿಯಾಗಿ ಕೂತಿದೆ, ಜೋಪಾನ ಎಂದಿದ್ದರು. ಹನ್ನೊಂದು ಡಬ್ಬಿ ಇರುವವರೆಗೆ ಸೌಟಮ್ಮ ಒಳಗಿನ ಕೋಣೆಯಲ್ಲಿ ಮಲಗಿದಳು. ಸಂಜೆ ಮಗಳು ಬಂದು ಡಬ್ಬಿ ಬಿಸಿ ಮಾಡುವ ಸದ್ದು ಕೇಳುತ್ತಿತ್ತು. ಅಷ್ಟು ಹೊತ್ತು ಕಣ್ಣು ಮುಚ್ಚಿ ಮಲಗಿದ್ದು ಮದುವೆಯಾದ ಮೇಲೆ ಅದೇ ಮೊದಲು. ಹನ್ನೊಂದನೆಯದು ಮುಗಿದ ಮರುದಿನ ತಾತ ಫ್ರೀಜರನ್ನು ಒರೆಸಿ, ಪ್ಲಗ್ ಕಿತ್ತು, ಮುಚ್ಚಳದ ಮೇಲೆ ಕಂಬಳಿಯನ್ನು ಎರಡು ಪದರ ಹೆಚ್ಚಾಗಿ ಹಾಸಿ, ದಿಂಬು ಇಟ್ಟ. ಗೊರಕೆ ನಿಂತಿತ್ತು. ಮಗಳೂ ತಾತನೂ ಆಚೀಚೆ ತೋಳು ಹಿಡಿದು ಅವಳನ್ನು ಅದರ ಮೇಲೆ ಕೂರಿಸಿದರು.

ಅಲ್ಲಿಂದ ಒಲೆ ನೇರ ಕಾಣುತ್ತಿತ್ತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹೊತ್ತು ಅವಳು ಅಲ್ಲಿ ಕೂರುತ್ತಿದ್ದಳು.

"ನೀರು ಎಷ್ಟು ಹಾಕಲಿ ತಾಯಿ?"

"ಕಾಳು ಮುಳುಗೋಷ್ಟು. ಅದರ ಮೇಲೆ ಎರಡು ಬೆರಳು."

"ನನ್ನ ಬೆರಳೋ ನಿನ್ನದೋ?"

"ನಿಮ್ಮದೇ ಹಾಕಿ. ನನ್ನವು ಇಲ್ಲಿವೆ."

ಹತ್ತೊಂಬತ್ತನೆಯ ದಿನ ಸಂಜೆ ಮೆಕ್ಯಾನಿಕ್ ಸ್ವಲ್ಪ ಬೇಗ ಬಂದ. ಚಪ್ಪಲಿ ಬಿಡುತ್ತ, ಒಲೆಯ ಮುಂದಿದ್ದ ಅಪ್ಪನ ಕಡೆ ನೋಡದೆ, ಹೆಂಡತಿಯನ್ನು ಕೇಳಿದ:

"ಊಟಕ್ಕೇನು?"

"ಮಾಡ್ತಿರೋರನ್ನ ಕೇಳಿ."

"ಅವನಿಗೇನು ಗೊತ್ತು. ಮೊನ್ನೆ ಖಾರ ಜಾಸ್ತಿಯಾಗಿತ್ತು. ನೀನೇ ಒಂದು ಸಲ ನೋಡು."

ಮಗಳು ಗೋಡೆಯ ಮೇಲೆ ಒಂದರಿಂದ ನಲವತ್ತೆರಡರವರೆಗೆ ಅಂಕಿ ಬರೆದು ಅಂಟಿಸಿದ್ದಳು. ಹದಿನೆಂಟಕ್ಕೆ ಅಡ್ಡ ಗೀಟು ಬಿದ್ದಿತ್ತು. ಒಂದೊಂದು ಗೀಟು ಹಾಕುವಾಗಲೂ ಶಾಲೆಯ ಕೊಳಗ ಒಂದು ದಿನ ಹತ್ತಿರ ಬರುತ್ತಿತ್ತು. ಅದನ್ನು ಯಾರೂ ಹೇಳುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಎಣ್ಣೆ ಚಟಪಟ ಎಂದಿತು. ತಾತ ಬಾಣಲೆಗೆ ಬಗ್ಗಿ ನೋಡಿದ. ಕಣ್ಣಿಗೆ ಪೊರೆ ಬಂದಿತ್ತು. ಹೊಗೆಯಲ್ಲಿ ಕೆಂಪು ಯಾವುದು ಕಂದು ಯಾವುದು ತಿಳಿಯುತ್ತಿರಲಿಲ್ಲ.

"ಈರುಳ್ಳಿ ಬಣ್ಣ ತಿರುಗಿತಾ ಅಂತ ಒಂದು ಸಲ ನೋಡು ತಾಯಿ."

ಸೌಟಮ್ಮ ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡು, ಒಂದು ಕಾಲನ್ನು ನೆಲಕ್ಕೆ ಇಳಿಸಿದಳು.

"ಏಳಬೇಡ," ಎಂದ ತಾತ.

ಗುಂಡಿ ತಿರುಗಿಸಿ ಉರಿ ಆರಿಸಿದ. ಸಿಲಿಂಡರನ್ನು ಮುಚ್ಚಿದ. ಇಕ್ಕಳದಲ್ಲಿ ಬಾಣಲೆಯನ್ನು ಗಟ್ಟಿಯಾಗಿ ಹಿಡಿದು, ಎರಡು ಕೈಯಲ್ಲೂ ಎತ್ತಿ, ಹೊಸ್ತಿಲನ್ನು ಕಾಲಲ್ಲಿ ತಡವಿ ದಾಟಿ, ಮಗನ ಪಕ್ಕದಿಂದಲೇ ಹಾದು, ಕೋಣೆಯ ಉದ್ದಕ್ಕೂ ಹೆಜ್ಜೆ ಹೆಜ್ಜೆ ನಡೆದು ಬಂದ. ಎಣ್ಣೆ ಅಂಚಿನವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಮೆಕ್ಯಾನಿಕ್ ಗೋಡೆಗೆ ಅಂಟಿ ದಾರಿ ಬಿಟ್ಟ. ಫ್ರೀಜರಿನ ಮುಂದೆ ನಿಂತು ತಾತ ಬಾಣಲೆಯನ್ನು ಅವಳ ಕಣ್ಣಿನ ಕೆಳಗೆ ಹಿಡಿದ.

ಅವಳು ಬಗ್ಗಿ ನೋಡಿದಳು. ಅಂಚಿನವು ಕೆಂಪಾಗಿದ್ದವು, ನಡುವಿನವು ಇನ್ನೂ ಬೆಳ್ಳಗಿದ್ದವು.

"ಇನ್ನೂ ಸ್ವಲ್ಪ, ಮಾವ."

ತಾತ ತಲೆಯಾಡಿಸಿ ತಿರುಗಿದ. ಸೌಟಮ್ಮ ಕಾಲನ್ನು ಮತ್ತೆ ಮೇಲೆ ಎಳೆದುಕೊಂಡು ಒಲೆಯ ಕಡೆ ನೋಡುತ್ತ ಕೂತಳು. ಲೈಟರಿನ ಸದ್ದು ಒಮ್ಮೆ, ಎರಡು ಸಲ, ಮೂರು ಸಲ ಕೇಳಿಸಿತು. ನಾಲ್ಕನೆಯದಕ್ಕೆ ಉರಿ ಹತ್ತಿತು.